ನಾಲ್ಕನೆಯ ಮಹಡಿಯ ಶುಶ್ರೂಷೆ

ಮುಂಬಯಿಯಿಂದ ಕಲ್ಯಾಣದ ಕಡೆಗೆ ಹೊರಟ ಲೋಕಲ್ ಗಾಡಿಯು ಠಾಣೆಯನ್ನು ಬಿಟ್ಟು, ಖಾಡಿಯನ್ನು ದಾಟಿ, ಕಳವಾ ಮುಂಬ್ರಾಗಳನ್ನು ಹಾಯ್ದ ಮೇಲೆ ನಿಲ್ಲುವ ನಿಲ್ದಾಣವೇ ದಿವಾ. ಇಲ್ಲಿಂದ ಪನವೇಲಿಗೊಂದು, ವಸಈಗೊಂದು ಮಾರ್ಗವು ಕವಲೊಡೆಯುವುದರಿಂದ ರೈಲ್ವೆಯ ನಕಾಶೆಯಲ್ಲಿ ಈ ಊರಿಗೆ ದೊಡ್ಡ ಹೆಸರುಂಟು; ಠಾಣೆಯ ಮಹಾನಗರಪಾಲಿಕೆಯ ಎಲ್ಲೆಯೊಳಗೇ ಇದ್ದರೂ ನೀರಿಗಾಗಿ, ರಸ್ತೆಗಾಗಿ, ಆಸ್ಪತ್ರೆಗಾಗಿ ಬಹುಕಾಲ ಹಂಬಲಿಸಿದ ಊರೆಂಬ ಹೆಸರೂ ಅದಕ್ಕುಂಟು. ಮುಂಬಯಿಯೊಳಗೆ ಮನೆ ಮಾಡಲು ಶಕ್ತಿಯಿಲ್ಲದೆ, ಡೊಂಬಿವಲಿಯ ಬೆಲೆಯೂ ಕೈಗೆಟುಕದೆ, ಇಲ್ಲಿ ಒಂದು ಖೋಲಿಯಾದರೂ ಸ್ವಂತದ್ದಾಯಿತಲ್ಲ ಎಂಬ ಸಮಾಧಾನದಿಂದ ನೆಲಸಿದ ಸಾವಿರಾರು ಕುಟುಂಬಗಳಲ್ಲಿ ಕನ್ನಡದ ಕುಟುಂಬಗಳೂ ಇವೆ: ಉಡುಪಿ, ಕುಂದಾಪುರಗಳ ಕಡೆಯಿಂದ ಹೋಟೆಲಿನ ಉದ್ಯೋಗಕ್ಕೆ ಬಂದವರು, ವಿಜಯಪುರ, ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿಯ ಬಟ್ಟೆಗಿರಣಿಗಳ ಮುಷ್ಕರದ ತರುವಾಯ ಗಿರಣಿಗಳ ಬಡಾವಣೆಗಳಾದ ಪರೇಲ್, ಲಾಲಬಾಗ್‌ಗಳ ಜೀವನವು ಕುಸಿದಾಗ, ಅದನ್ನು ನಂಬಿದ್ದ ಖಾನಾವಳಿಗಳೂ ಚಹಾದ ಅಂಗಡಿಗಳೂ ಬಾಗಿಲು ಹಾಕಿದವಷ್ಟೆ. ಅಲ್ಲಿ ದುಡಿದವರು ದೂರದೂರದ ಉಪನಗರಗಳಿಗೆ ಸರಿದರು. ಯೌವನದಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಗೋಡೆಯ ಪಕ್ಕದಲ್ಲೇ ಓಡಾಡಿ, ಅದನ್ನು ತಲೆಯೆತ್ತಿ ನೋಡುವ ಪ್ರಸಂಗವೇ ಬಾರದಿದ್ದ ಇಂಥವರಲ್ಲಿ ಎಷ್ಟೋ ಮಂದಿಗೆ ಮುಪ್ಪಿನಲ್ಲಿ ಅದೇ ಗೋಡೆಯ ಕಡೆಗೆ ಮರಳಿ ಪ್ರಯಾಣ ಮಾಡುವ ಯೋಗ ಒದಗಿದೆ.

ಲೇಡಿ ಮೆಹರ್‌ಬಾಯಿ ಟಾಟಾ ಅವರು 1931ರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾದುದೂ, ಮರುವರ್ಷ ಅವರ ಪತಿ ಸರ್ ದೊರಾಬ್ಜಿಯವರು ತೀರಿಕೊಂಡುದೂ, ಆ ದುಃಖದ ಬೀಜದಿಂದ 1941ರ ಫೆಬ್ರುವರಿ 28ರಂದು ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ಉದಯಿಸಿದುದೂ ಸುಪರಿಚಿತವಾದ ಕಥೆ. 1962ರಿಂದ ಅದು ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ನವಿ ಮುಂಬಯಿಯ ಖಾರಘರದಲ್ಲಿ ಅದರ ಇನ್ನೊಂದು ಕೇಂದ್ರವಿದೆ. ನಕಾಶೆಯನ್ನು ನೋಡಿದವರು ದಿವಾಕ್ಕೆ ಇವೆರಡೂ ಸಮೀಪವೆಂದೇ ಹೇಳುವರು. ಆದರೆ ಎಪ್ಪತ್ತೆಂಟು ವರ್ಷದ, ಅನ್ನನಾಳದ ಕ್ಯಾನ್ಸರಿನಿಂದ ಬಳಲುತ್ತಿರುವ ಒಬ್ಬ ಹಿರಿಯರು ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಇದ್ದಾರೆಂದು ಭಾವಿಸಿಕೊಳ್ಳಿ. ಇಂಥ ಮನೆಯು ದಿವಾದಲ್ಲಿ ಅಪರೂಪವಲ್ಲ. ಅವರನ್ನು ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದಕ್ಕೆ ವಾಲದಂತೆ ಎದೆಗೆ ಒಂದು ಪಂಚೆಯನ್ನು ಸುತ್ತಿ ಬೆನ್ನಿನ ಹಲಗೆಗೆ ಕಟ್ಟಿ, ಮಗನು ಬೆನ್ನ ಕಡೆಯಿಂದಲೂ ನೆರೆಮನೆಯ ಹುಡುಗನು ಕುರ್ಚಿಯ ಮುಂಗಾಲುಗಳ ಕಡೆಯಿಂದಲೂ ಎತ್ತಿ, ಪ್ರತಿ ತಿರುವಿನಲ್ಲಿಯೂ ಕುರ್ಚಿಯನ್ನು ಓರೆಮಾಡಿ ಗೋಡೆಗೆ ಮೊಣಕೈ ತರಚದಂತೆ ಇಳಿಸಬೇಕು. ಆಮೇಲೆ ರಿಕ್ಷಾ, ಬಹುಕಾಲದಿಂದ ಮಧ್ಯ ರೈಲ್ವೆಯ ಪ್ರಯಾಣಿಕರೆಲ್ಲರೂ ಬಲ್ಲ ದಿವಾದ ಫಾಟಕ, ನಿಲ್ದಾಣದ ಜನಸಂದಣಿ, ಕ್ಯಾನ್ಸರ್ ರೋಗಿಗಳಿಗೂ ಪ್ರವೇಶವಿರುವ ದಿವ್ಯಾಂಗರ ಡಬ್ಬಿಯೊಳಗೆ ಹತ್ತಿಕೊಳ್ಳುವ ಹೋರಾಟ, ಪರೇಲಿನಲ್ಲಿ ಇಳಿದು ಮತ್ತೆ ಟ್ಯಾಕ್ಸಿ, ಹೊರರೋಗಿಗಳ ಸಾಲಿನಲ್ಲಿ ಕಾಯುವಿಕೆ. ಸಂಜೆ ಮನೆಗೆ ಬಂದು ಮಲಗಿದವರು ಎರಡು ದಿನ ಏಳಲಾರರು.

ವಿಕಿರಣ ಚಿಕಿತ್ಸೆಗೆ, ಕೀಮೋವಿಗೆ, ಶಸ್ತ್ರಕ್ರಿಯೆಗೆ ಈ ಪ್ರಯಾಣವು ಅನಿವಾರ್ಯ. ಆದರೆ ನೋವಿನ ಮಾತ್ರೆಯ ಪ್ರಮಾಣವನ್ನು ಬದಲಿಸುವುದಕ್ಕೆ, ಬಾಯಿಹುಣ್ಣನ್ನು ತೋರಿಸುವುದಕ್ಕೆ, ಮಲಬದ್ಧತೆಗೆ ಮದ್ದು ಕೇಳುವುದಕ್ಕೆ, ಮೂಗಿನ ನಳಿಕೆಯನ್ನು ಬದಲಿಸುವುದಕ್ಕೆ ಒಬ್ಬ ವೃದ್ಧನನ್ನು ನಾಲ್ಕು ಮಹಡಿ ಇಳಿಸಿ ಮತ್ತೆ ನಾಲ್ಕು ಮಹಡಿ ಏರಿಸುವುದು ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಹಿಂಸೆ. ಆಸ್ಪತ್ರೆಯವರು ಕೈಬಿಟ್ಟ ಮೇಲೆ ಗತ್ಯಂತರವಿಲ್ಲದೆ ಮಾಡತಕ್ಕದ್ದೇ ಮನೆಯ ಶುಶ್ರೂಷೆಯೆಂದು ನಮ್ಮ ಜನ ತಿಳಿದಿದ್ದಾರೆ. ಈ ತಿಳಿವಳಿಕೆಯೇ ರೋಗಿಗೆ ಆಗುವ ದೊಡ್ಡ ಅನ್ಯಾಯ. ಮನೆಯ ಶುಶ್ರೂಷೆಯು ಚಿಕಿತ್ಸೆಯ ಒಂದು ಅಂಗ. ರೋಗವು ನಿಶ್ಚಯವಾದ ದಿನದಿಂದಲೇ ಅದು ಆರಂಭವಾಗತಕ್ಕದ್ದು. ಅದಕ್ಕೆ ತನ್ನದೇ ಆದ ಶಾಸ್ತ್ರವಿದೆ, ಆ ಶಾಸ್ತ್ರದಲ್ಲಿ ನುರಿತವರಿದ್ದಾರೆ, ಅದರ ಬಹುಭಾಗವನ್ನು ಮನೆಯ ಮಂದಿ ಕಲಿಯಬಹುದು.

ಈ ಶಾಸ್ತ್ರಕ್ಕೆ ಇಂಗ್ಲಿಷ್ ವೈದ್ಯರು ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಉಪಶಾಮಕ ಚಿಕಿತ್ಸೆಯೆಂಬ ಹೆಸರು ರೂಢಿಗೆ ಬರುತ್ತಿದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು, ಕ್ಯಾನ್ಸರ್ ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದಳು. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಆಶ್ರಯವು 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಆವೇದನಾ ಸದನವೆಂಬ ಹೆಸರಿನಿಂದ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯದ ಚರಿತ್ರೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು: 1994ರಲ್ಲಿ ಟ್ರಸ್ಟ್ ಸ್ಥಾಪನೆಯಾದ ಮೇಲೆ ಅವರು ಮೊದಲು ಕಟ್ಟಡ ಕಟ್ಟಲಿಲ್ಲ, ದಾದಿಯರನ್ನೂ ಸಲಹೆಗಾರರನ್ನೂ ರೋಗಿಗಳ ಮನೆಗಳಿಗೆ ಕಳುಹಿಸತೊಡಗಿದರು, ಶುಶ್ರೂಷಾಲಯವು ಎದ್ದುನಿಂತದ್ದು 1999ರಲ್ಲಿ. ಮನೆಯೇ ಮೊದಲು, ಹಾಸಿಗೆಗಳು ಆಮೇಲೆ ಎಂಬ ಈ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ. ಟಾಟಾ ಸ್ಮಾರಕದಲ್ಲಿಯೂ ಉಪಶಾಮಕ ಚಿಕಿತ್ಸೆಯ ವಿಭಾಗವೊಂದಿದ್ದು, ಅದರ ತಂಡಗಳು ಮುಂಬಯಿಯ ಪರಿಸರದಲ್ಲಿ ರೋಗಿಗಳ ಮನೆಗೆ ಹೋಗಿ ನೋಡಿಬರುವ ಪದ್ಧತಿಯಿದೆ. ಆದರೆ ಈ ವಿಭಾಗದ ಬಾಗಿಲನ್ನು ತಟ್ಟಲು ಚಿಕಿತ್ಸೆ ನಡೆಸುತ್ತಿರುವ ವೈದ್ಯರ ಚೀಟಿ ಬೇಕು; ಚೀಟಿ ಬೇಕೆಂದು ಕೇಳಲು ಇಂಥದೊಂದು ಇದೆಯೆಂದು ತಿಳಿದಿರಬೇಕು. ಹೆಚ್ಚಿನವರು ಕೇಳುವುದೇ ಇಲ್ಲ, ಅಥವಾ ಕೇಳುವ ಹೊತ್ತಿಗೆ ರೋಗಿಯು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ.

ಬೇಗನೆ ಕೇಳಿದರೆ ಪ್ರಯೋಜನವೇನು ಎನ್ನುವವರಿಗೆ 2010ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನವು ಉತ್ತರ ಕೊಡುತ್ತದೆ. ಪ್ರಸರಿಸಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯನ್ನೂ, ಇನ್ನೊಂದು ಗುಂಪಿಗೆ ಅದರೊಡನೆ ಆರಂಭದಿಂದಲೇ ಉಪಶಾಮಕ ಚಿಕಿತ್ಸೆಯನ್ನೂ ಕೊಟ್ಟು ನೋಡಿದಾಗ, ಎರಡನೆಯ ಗುಂಪಿನವರ ಜೀವನವು ಹೆಚ್ಚು ನೆಮ್ಮದಿಯದಾಗಿತ್ತು, ಖಿನ್ನತೆಯು ಕಡಿಮೆಯಾಗಿತ್ತು, ಅಂತ್ಯಕಾಲದಲ್ಲಿ ಉಗ್ರವಾದ ಚಿಕಿತ್ಸೆಗೆ ಒಳಗಾದವರು ಕಡಿಮೆಯಾಗಿದ್ದರು. ಇಷ್ಟಾಗಿಯೂ ಅವರು ಮೊದಲನೆಯ ಗುಂಪಿನವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ಉಪಶಮನವೆಂದರೆ ಆಶೆಯನ್ನು ತೊರೆಯುವುದೆಂಬ ಭ್ರಮೆಗೆ ಇದಕ್ಕಿಂತ ಸ್ಪಷ್ಟವಾದ ನಿರಾಕರಣೆ ಬೇಕಿಲ್ಲ.

ಮನೆಯ ಶುಶ್ರೂಷೆಯಲ್ಲಿ ಮೊದಲ ಸ್ಥಾನವು ನೋವಿನದು. ನೋವಿನ ಮಾತು ಬಂದೊಡನೆ ಮಾರ್ಫೀನಿನ ಮಾತು ಬರುತ್ತದೆ; ಮಾರ್ಫೀನಿನ ಮಾತು ಬಂದೊಡನೆ ಮನೆಯವರ ಮುಖ ಕಪ್ಪಿಡುತ್ತದೆ. ಅಫೀಮಿನ ಔಷಧವಲ್ಲವೇ, ಚಟ ಹತ್ತೀತು ಎಂಬುದು ಒಂದು ಭಯ; ಇದನ್ನು ಕೊಟ್ಟರೆಂದರೆ ಇನ್ನು ಮುಗಿಯಿತೆಂದೇ ಅರ್ಥ ಎಂಬುದು ಇನ್ನೊಂದು. ಎರಡೂ ನಿರಾಧಾರವಾದವು. ಕ್ಯಾನ್ಸರಿನ ನೋವಿಗೆ ವೈದ್ಯರ ನಿಗಾದಲ್ಲಿ ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫೀನು ಚಟವಾಗುವುದು ವಿರಳ, ಅದು ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ, ವರ್ಷಗಟ್ಟಲೆ ಅದನ್ನು ತೆಗೆದುಕೊಂಡು ನಡೆದಾಡಿಕೊಂಡಿರುವವರುಂಟು. ಲೋಕಕ್ಕೆ ಕಾನೂನುಬದ್ಧ ಅಫೀಮನ್ನು ಬೆಳೆದುಕೊಡುವ ನಮ್ಮ ದೇಶದಲ್ಲಿಯೇ ನಮ್ಮ ರೋಗಿಗಳಿಗೆ ಮಾರ್ಫೀನು ಸಿಗದೆ ಹೋದುದು ವಿಪರ್ಯಾಸ. 1985ರ ಮಾದಕ ದ್ರವ್ಯಗಳ ಕಾಯಿದೆಯು ಕಳ್ಳಸಾಗಣೆಯನ್ನು ತಡೆಯಲೆಂದು ಹುಟ್ಟಿ, ಅನೇಕ ಪರವಾನಗಿಗಳ ಜಾಲವನ್ನು ಹೆಣೆದು, ಆಸ್ಪತ್ರೆಗಳು ಮಾರ್ಫೀನನ್ನು ಇಡುವುದಕ್ಕೇ ಹೆದರುವಂತೆ ಮಾಡಿತು. 2014ರಲ್ಲಿ ಸಂಸತ್ತು ಆ ಕಾಯಿದೆಗೆ ತಿದ್ದುಪಡಿ ತಂದು ಹಾದಿಯನ್ನು ಸರಳಗೊಳಿಸಿದ್ದರೂ, ಬೀದಿಯ ಔಷಧದ ಅಂಗಡಿಯಲ್ಲಿ ಇಂದಿಗೂ ಅದು ಸಿಕ್ಕುವುದು ಕಷ್ಟ. ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ತರಬೇಕು, ಮನೆಯಲ್ಲಿ ಬೀಗ ಹಾಕಿದ ಡಬ್ಬದಲ್ಲಿ ಇಡಬೇಕು, ಉಳಿದರೆ ಹಿಂದಿರುಗಿಸಬೇಕು.

ಮಾತ್ರೆಗಿಂತಲೂ ಮುಖ್ಯವಾದುದು ಮಾತ್ರೆಯ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರಿನ ನೋವಿಗೆ ರೂಪಿಸಿದ ಕ್ರಮದಲ್ಲಿ ಸೂಜಿಗಿಂತ ಬಾಯಿಯೇ ಲೇಸೆಂದೂ, ನೋವಿನ ಉಗ್ರತೆಗೆ ತಕ್ಕ ಮೆಟ್ಟಿಲಿನ ಔಷಧವನ್ನು ಆರಿಸಬೇಕೆಂದೂ, ಗಡಿಯಾರಕ್ಕೆ ಸರಿಯಾಗಿ ಕೊಡಬೇಕೆಂದೂ ಹೇಳಿದೆ. ನಮ್ಮ ಮನೆಗಳಲ್ಲಿ ಈ ಕೊನೆಯ ನಿಯಮವೇ ಮುರಿದುಬೀಳುವುದು. ನೋವು ಬರಲಿ, ಆಮೇಲೆ ಕೊಟ್ಟರಾಯಿತು ಎಂದು ಮಾತ್ರೆಯನ್ನು ಉಳಿಸಿಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಒಮ್ಮೆ ಹೆಡೆಯೆತ್ತಿದ ನೋವನ್ನು ಇಳಿಸಲು ಇಮ್ಮಡಿ ಔಷಧ ಬೇಕಾಗುತ್ತದೆ. ಸಾಧಾರಣ ಮಾರ್ಫೀನಿನ ಶಕ್ತಿಯು ನಾಲ್ಕು ಗಂಟೆಗಳದ್ದಾದ ಕಾರಣ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಹೊತ್ತುಗಳನ್ನು ಗೊತ್ತುಮಾಡಿ, ನಡುರಾತ್ರಿ ಎಬ್ಬಿಸಬೇಕಾಗದಂತೆ ಮಲಗುವಾಗಿನ ಪ್ರಮಾಣವನ್ನು ವೈದ್ಯರು ಹೆಚ್ಚಿಸಿ ಬರೆದುಕೊಡುವುದುಂಟು. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕ ಬರೆಯುವ ಚೌಕದೊಳಗೆ ಮಾತ್ರೆ ಕೊಟ್ಟ ಹೊತ್ತಿಗೊಂದು ಗೀಟು, ನಡುವೆ ನೋವು ಬಂದ ಹೊತ್ತಿಗೊಂದು ಚುಕ್ಕೆ ಹಾಕಿಟ್ಟರೆ, ಮುಂದಿನ ಬಾರಿ ವೈದ್ಯರು ಆ ಹಾಳೆಯ ಫೋಟೋ ನೋಡಿಯೇ ಪ್ರಮಾಣವನ್ನು ತಿದ್ದಬಲ್ಲರು. ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದರೆ ತಬ್ಬಿಬ್ಬಾಗುವ ಹಿರಿಯರು, 1957ರಲ್ಲಿ ಹೊಸ ಪೈಸೆ ಬರುವುದಕ್ಕೆ ಮುಂಚೆ ಲೆಕ್ಕ ಕಲಿತವರು, ರೂಪಾಯಿಗೆ ಎಷ್ಟಾಣೆ ನೋವು ಎಂದು ಕೇಳಿದರೆ ಥಟ್ಟನೆ ಉತ್ತರ ಕೊಡುತ್ತಾರೆ: "ನಿನ್ನೆ ಹದಿನಾರಾಣೆ ಇತ್ತು ಮಗಾ, ಈಗ ಆರಾಣೆಗೆ ಇಳಿದಿದೆ."

ಮಾರ್ಫೀನು ತೆಗೆದುಕೊಳ್ಳುವ ಬಹುತೇಕ ಎಲ್ಲರಿಗೂ ಮಲಬದ್ಧತೆಯಾಗುತ್ತದೆ. ಮೊದಲಿನ ಕೆಲವು ದಿನಗಳ ವಾಕರಿಕೆ, ತೂಕಡಿಕೆಗಳು ಕ್ರಮೇಣ ಮಾಯವಾದರೂ ಇದು ಮಾಯವಾಗದು. ಆದಕಾರಣ ಮೊದಲ ಮಾತ್ರೆಯೊಡನೆಯೇ ವಿರೇಚಕವೂ ಆರಂಭವಾಗತಕ್ಕದ್ದು. ಉರಿಯುವಂಥ, ಮಿಂಚು ಹರಿದಂಥ ನರದ ನೋವಿಗೆ ಮಾರ್ಫೀನೊಂದೇ ಸಾಲದು, ಬೇರೆ ಬಗೆಯ ಮಾತ್ರೆಗಳುಂಟು. ಇಲ್ಲಿಯೇ ಭಾಷೆಯ ತೊಡಕು ಎದುರಾಗುವುದು. ತುಳುವನ್ನೋ ವಿಜಯಪುರದ ಕನ್ನಡವನ್ನೋ ಮಾತ್ರ ಬಲ್ಲ ಮುದುಕಿಯು ಸೆಳೆತ, ಉರಿ, ಜೋಮು, ಸಿಡಿತಗಳನ್ನು ಒಂದೊಂದಾಗಿ ಬೇರ್ಪಡಿಸಿ ಹೇಳುವಾಗ, ಮರಾಠಿಯ ದಾದಿಗೆ ಅವೆಲ್ಲವನ್ನೂ ಮಗನು "ದುಖತೆ" (ನೋಯುತ್ತದೆ) ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ, ಔಷಧವೂ ಒಂದೇ ಆಗಿ ಉಳಿಯುತ್ತದೆ.

ವೃದ್ಧರ ದೇಹಧರ್ಮವೇ ಬೇರೆ. ಮೂತ್ರಪಿಂಡಗಳು ಸೊರಗಿರುವುದರಿಂದ ಔಷಧವು ದೇಹದಲ್ಲಿ ಉಳಿದು ಸಂಚಯವಾಗುತ್ತದೆ; ಹಾಗಾಗಿ ಪ್ರಮಾಣವನ್ನು ಅಲ್ಪದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು, ಅತಿಯಾದ ಮಂಪರೋ ಕೈಕಾಲುಗಳಲ್ಲಿ ಅದುರುವಿಕೆಯೋ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡಕ್ಕೆ, ಸಕ್ಕರೆಗೆ, ನಿದ್ರೆಗೆ, ಮೊಣಕಾಲಿಗೆ ಎಂದು ವರ್ಷಗಳಿಂದ ಕೂಡಿಕೊಂಡು ಬಂದ ಮಾತ್ರೆಗಳ ಪೊಟ್ಟಣವನ್ನು ಕ್ಯಾನ್ಸರ್ ವೈದ್ಯರ ಮುಂದೆ ಒಮ್ಮೆ ಸುರಿದು ತೋರಿಸುವುದು ಒಳ್ಳೆಯದು; ಊಟವೇ ಸೇರದವರಿಗೆ ಹಳೆಯ ಪ್ರಮಾಣದ ಸಕ್ಕರೆ ಮಾತ್ರೆಯನ್ನು ಮುಂದುವರಿಸಿ ಬೆಳಗಿನ ಜಾವದಲ್ಲಿ ಎಚ್ಚರ ತಪ್ಪಿಸಿದ ಮನೆಗಳುಂಟು. ಇನ್ನೊಂದು ಮಾತು. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇಂದು ಹಗಲು ನಿದ್ರಿಸಿ, ರಾತ್ರಿ ಎದ್ದು, ಸತ್ತವರನ್ನು ಕೂಗಿ ಕರೆದು, ಮಗನನ್ನೇ ಗುರುತಿಸದೆ ಹೋದರೆ, ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಹೇಳಿ ಸುಮ್ಮನಾಗಬಾರದು. ಹಠಾತ್ತಾಗಿ ಬಂದ ಬುದ್ಧಿಭ್ರಮಣೆಯ ಹಿಂದೆ ಮೂತ್ರದ ಸೋಂಕು, ಕಟ್ಟಿಕೊಂಡ ಮೂತ್ರ, ಹಲವು ದಿನಗಳ ಮಲಬದ್ಧತೆ, ನೀರಿನ ಕೊರತೆ, ಹೊಸದಾಗಿ ಸೇರಿದ ಮಾತ್ರೆ ಇವುಗಳಲ್ಲೊಂದು ಅಡಗಿರುವುದು ಸಾಮಾನ್ಯ. ಕಾರಣವನ್ನು ಕಂಡು ಪರಿಹರಿಸಿದರೆ ಹಿರಿಯರು ಮತ್ತೆ ತಮ್ಮ ಸ್ವಭಾವಕ್ಕೆ ಮರಳುವುದೂ ಸಾಮಾನ್ಯ.

ಹಾಸಿಗೆ ಹಿಡಿದವರ ಚರ್ಮವನ್ನು ಕಾಯುವುದು ದಿನದ ಇಪ್ಪತ್ತನಾಲ್ಕು ಗಂಟೆಯ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂಬದಿ, ಹಿಮ್ಮಡಿ, ಭುಜದ ಮೂಳೆಗಳನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಒಬ್ಬಳೇ ಸೊಸೆ, ಎತ್ತಲಾಗದ ಮಾವ ಎಂಬ ಮನೆಗಳಲ್ಲಿ ಅನುಭವಸ್ಥ ದಾದಿಯರು ಕಲಿಸಿಕೊಡುವ ಒಂದು ಉಪಾಯವಿದೆ: ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ರೋಗಿಯ ಕೆಳಗೆ ಅಡ್ಡಲಾಗಿ ಹಾಸಿಟ್ಟರೆ, ಮಗ್ಗುಲು ತಿರುಗಿಸುವಾಗ ಮೈಯನ್ನು ಎಳೆಯುವ ಬದಲು ಸೀರೆಯ ಅಂಚನ್ನು ಹಿಡಿದು ತನ್ನ ಕಡೆಗೆ ಸೆಳೆದರಾಯಿತು, ಚರ್ಮವು ಹಾಸಿಗೆಗೆ ಉಜ್ಜುವುದಿಲ್ಲ, ಸೊಸೆಯ ಸೊಂಟವೂ ಉಳಿಯುತ್ತದೆ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿಯು ಗಾಳಿಯಲ್ಲಿ ನಿಲ್ಲುವಂತೆ ಮೀನಖಂಡದ ಕೆಳಗೊಂದು. ಗಾಳಿಯ ಹಾಸಿಗೆಯನ್ನು ಬಾಡಿಗೆಗೆ ತರಬಹುದು. ಆದರೆ ಅದು ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ ಎಂಬುದನ್ನು ಬಾಡಿಗೆಗೆ ಕೊಡುವವರು ಹೇಳುವುದಿಲ್ಲ. ಮಲಗಿದ ರೋಗಿಯಿರುವ ಮನೆಗೆ ಬಟ್ಟೆ ಒಗೆಯಲು, ಒರೆಸಲು, ಮೀಯಿಸಲು ಇತರರ ಮನೆಗಿಂತ ಹೆಚ್ಚು ನೀರು ಬೇಕು. ಟ್ಯಾಂಕರನ್ನು ಕಾದು ಕೊಡ ತುಂಬುವ ಊರಿನಲ್ಲಿ ಈ ಒಂದು ಸಂಗತಿಯೇ ಶುಶ್ರೂಷೆಯ ಅರ್ಧ ಕಷ್ಟ. ಕಟ್ಟಡದ ಸೊಸೈಟಿಯವರು ಅಂಥ ಮನೆಗೆ ಎರಡು ಕೊಡ ಹೆಚ್ಚು ಬಿಟ್ಟರೆ ಅದೂ ವೈದ್ಯಸೇವೆಯೇ.

ಎಲೆ ಅಡಿಕೆ ತಂಬಾಕುಗಳ ಸಹವಾಸದಿಂದ ನಮ್ಮಲ್ಲಿ ಬಾಯಿಯ ಕ್ಯಾನ್ಸರು ವಿಪುಲ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಮಂಡಲಿಯು 2004ರಲ್ಲಿಯೇ ಸಾರಿತು. ಅಡಿಕೆಯ ನಾಡಿನವರಾದ ನಮಗೆ ಅದನ್ನು ಕೇಳಲು ಇಷ್ಟವಿಲ್ಲ. ಬಾಯಿಯ ಆರೈಕೆಗೆ ಒಂದು ಲೋಟ ಕಾಯಿಸಿ ಆರಿಸಿದ ನೀರು, ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡಾ ಸಾಕು. ದಿನಕ್ಕೆ ನಾಲ್ಕೈದು ಬಾರಿ ಮುಕ್ಕಳಿಸುವುದು, ಮುಕ್ಕಳಿಸಲಾರದವರಿಗೆ ಬೆರಳಿಗೆ ಸುತ್ತಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದು. ನಾಲಗೆಯ ಮೇಲೆ ಮೊಸರಿನಂಥ ಬಿಳಿಯ ಪದರ ಕಂಡರೆ ಅದು ಶಿಲೀಂಧ್ರ, ಅದಕ್ಕೆ ಮದ್ದುಂಟು. ಮುಖದ ಮೇಲಿನ ಹುಣ್ಣು ಒಡೆದು ದುರ್ವಾಸನೆ ಬರತೊಡಗಿದಾಗ ನೆಂಟರು ಬರುವುದನ್ನು ನಿಲ್ಲಿಸುತ್ತಾರೆ, ರೋಗಿಯು ಗೋಡೆಯ ಕಡೆಗೆ ತಿರುಗಿ ಮಲಗುತ್ತಾನೆ. ಆ ವಾಸನೆಗೆ ಕಾರಣವಾದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮೆಟ್ರೋನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ವೈದ್ಯರ ಸೂಚನೆಯಂತೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿ ಕಟ್ಟುವ ಪದ್ಧತಿಯಿದೆ. ಕೆಲವೇ ದಿನಗಳಲ್ಲಿ ಕೋಣೆಯಲ್ಲಿ ಮತ್ತೆ ಕೂರುವಂತಾಗುತ್ತದೆ. ನೊಣ ಕೂರದಂತೆ ಸೊಳ್ಳೆಪರದೆಯನ್ನು ಹಗಲಿನಲ್ಲಿಯೂ ಕಟ್ಟಿಡಬೇಕು.

ಊಟದ ವಿಷಯದಲ್ಲಿ ಪ್ರೀತಿಯೇ ಹಿಂಸೆಯಾಗುವ ಸಂಭವವಿದೆ. ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರಬೇಕು ಎಂದು ಮಗಳು ಅಳುತ್ತಾಳೆ, ಚಮಚವನ್ನು ತುಟಿಗೆ ಒತ್ತುತ್ತಾಳೆ. ಬೆಳೆದ ಕ್ಯಾನ್ಸರು ಹಸಿವನ್ನೇ ಕೊಲ್ಲುತ್ತದೆ, ತಿಂದದ್ದು ಮೈಗೆ ಹತ್ತದು ಎಂಬುದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ. ಕುಚ್ಚಲಕ್ಕಿಯ ಗಂಜಿಯಾಗಲಿ ರಾಗಿಯ ಅಂಬಲಿಯಾಗಲಿ, ಕೇಳಿದ ಹೊತ್ತಿಗೆ ಕೇಳಿದಷ್ಟು ಕೊಡುವುದು ಸಾಕು. ಮೂಗಿನ ನಳಿಕೆಯಿಂದ ಕೊಡುವುದಾದರೆ ಗಂಜಿಯನ್ನು ಸೋಸಿ, ತಲೆಯನ್ನು ಎತ್ತರದಲ್ಲಿಟ್ಟು, ಕೊಟ್ಟಾದ ಮೇಲೆ ನೀರು ಹಾಯಿಸಿ, ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ಕೊನೆಯ ದಿನಗಳಲ್ಲಿ ಸಲೈನ್ ಹಾಕಿಸಿ ಎಂದು ಬಂಧುಗಳು ಹಟ ಹಿಡಿಯುವುದುಂಟು. ಆಗ ಅದರಿಂದ ಬರುವುದು ಬಹುವೇಳೆ ಬಲವಲ್ಲ, ಕಾಲಿನ ಬಾವು ಮತ್ತು ಎದೆಯ ಗುರುಗುರು.

ಮನೆಯ ಶುಶ್ರೂಷೆಗೆ ತನ್ನ ಎಲ್ಲೆಯೂ ತಿಳಿದಿರಬೇಕು. ಕೀಮೋ ನಡೆಯುತ್ತಿರುವಾಗ ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಬೆಳಗಾಗಲೆಂದು ಕಾಯಬಾರದು. ಬಿಳಿಯ ರಕ್ತಕಣಗಳು ಕುಸಿದಿದ್ದರೆ ಒಂದು ರಾತ್ರಿಯೇ ಪ್ರಾಣಾಂತಿಕ. ಬೆನ್ನುನೋವಿನೊಡನೆ ಕಾಲುಗಳ ಬಲ ಕುಂದಿದರೆ, ಮೂತ್ರ ನಿಂತರೆ, ಗಡ್ಡೆಯು ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅಂದೇ ಹೋದರೆ ಕಾಲು ಉಳಿದೀತು. ಇಂಥ ಹೊತ್ತಿಗೆ ಪರೇಲಿನವರೆಗೆ ಓಡುವುದು ಸಾಧ್ಯವಾಗದಿದ್ದರೆ ಕಳವಾ ಊರಿನಲ್ಲಿ ಠಾಣೆಯ ಮಹಾನಗರಪಾಲಿಕೆಯ ಆಸ್ಪತ್ರೆಯಿದೆ, ಆಂಬ್ಯುಲೆನ್ಸ್ ಕರೆಯಲು 108 ಇದೆ. ಟಾಟಾದ ಕಾಗದಗಳ ಒಂದು ಪ್ರತಿಯನ್ನು ಬಾಗಿಲ ಬಳಿಯ ಚೀಲದಲ್ಲಿ ಸದಾ ಇಟ್ಟಿರಬೇಕು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳೆಂದಿದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಮೂರನೆಯವನು ನಮ್ಮ ಇಂದಿನ ಪರಿಚಾರಕ. ಅವನಲ್ಲಿ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂಬುದು ಆ ಗ್ರಂಥದ ಅಪೇಕ್ಷೆ. ಪರಿಚಾರಕರನ್ನು ಒದಗಿಸುವ ಬ್ಯೂರೋಗಳಿಂದ ಹನ್ನೆರಡು ಗಂಟೆಯ ಪಾಳಿಗೆ ಬರುವ ಮಾವಶಿಯರಲ್ಲಿ, ಎಂದರೆ ಆಯಾಗಳಲ್ಲಿ, ದಕ್ಷರೂ ದಯಾಳುಗಳೂ ಇದ್ದಾರೆ. ಆದರೆ ಅವರು ಬಹುಮಟ್ಟಿಗೆ ತರಬೇತಾದ ದಾದಿಯರಲ್ಲ, ಸೂಜಿ ನಳಿಕೆಗಳ ಕೆಲಸವನ್ನು ಅವರ ಮೇಲೆ ಹೇರಬಾರದು. ದಿವಾದ ಹೆಚ್ಚಿನ ಮನೆಗಳಲ್ಲಿ ಅವರಿಗೆ ಕೊಡುವಷ್ಟು ಹಣವೂ ಇಲ್ಲದ ಕಾರಣ ಆ ನಾಲ್ಕೂ ಗುಣಗಳನ್ನು ಸಂಬಳವಿಲ್ಲದೆ ತೋರಬೇಕಾದವಳು ಸೊಸೆ ಅಥವಾ ಮಗಳು. ಅವಳು ಕೆಲಸಕ್ಕೆ ಹೋಗುತ್ತಿದ್ದರೆ ಅದನ್ನು ಬಿಡುತ್ತಾಳೆ, ಇಲ್ಲವೆ ರಾತ್ರಿಯ ನಿದ್ದೆಯನ್ನು ಬಿಡುತ್ತಾಳೆ. ರೋಗಿಯ ನಾಡಿ ನೋಡಿ ಹೊರಡುವ ವೈದ್ಯರು ಬಾಗಿಲಲ್ಲಿ ನಿಂತು, ನೀವು ನಿದ್ದೆ ಮಾಡುತ್ತೀರಾ ಅಮ್ಮಾ ಎಂದು ಅವಳನ್ನು ಕೇಳಿದರೆ ಬಹುವೇಳೆ ಉತ್ತರಕ್ಕೆ ಮೊದಲು ಕಣ್ಣೀರು ಬರುತ್ತದೆ.

ಹಿರಿಯರಿಗೆ ರೋಗದ ಹೆಸರನ್ನು ಹೇಳಬೇಡಿ ಎಂದು ವೈದ್ಯರ ಕೈ ಹಿಡಿದು ಬೇಡುವುದು ನಮ್ಮಲ್ಲಿ ಸಾಮಾನ್ಯ. ಹೇಳದೆ ಮುಚ್ಚಿಟ್ಟದ್ದನ್ನು ಅವರು ಟಾಟಾ ಆಸ್ಪತ್ರೆಯ ಫಲಕ ನೋಡಿದ ದಿನವೇ ಊಹಿಸಿರುತ್ತಾರೆ. ಮನೆಯವರ ಸಮಾಧಾನಕ್ಕಾಗಿ ತಿಳಿಯದವರಂತೆ ನಟಿಸುತ್ತಾರೆ. ಎಷ್ಟು ತಿಳಿಯಬೇಕೆಂಬುದನ್ನು ಅವರನ್ನೇ ಕೇಳುವುದು ಲೇಸು. ಊರಿನ ಜಮೀನಿನ ಮಾತು, ಮುನಿದು ಹೋದ ತಮ್ಮನ ಮಾತು, ತನ್ನನ್ನು ಕೊನೆಗೆ ಎಲ್ಲಿ ಇರಿಸಬೇಕೆಂಬ ಮಾತು ಆಮೇಲೆಯೇ ಹೊರಬರುವುದು. ತೀವ್ರನಿಗಾ ಘಟಕದ ಯಂತ್ರಗಳು ತನಗೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಮನೆಯಲ್ಲಿಯೇ ಮರಣವಾದರೆ ಅದರ ಕಾರಣವನ್ನು ದೃಢೀಕರಿಸುವ 4ಎ ನಮೂನೆಗೆ ಸಹಿ ಹಾಕುವ ವೈದ್ಯರೊಬ್ಬರು ಬೇಕು. ರೋಗಿಯನ್ನು ಹಿಂದೆ ಎಂದೂ ನೋಡದವರು ನಡುರಾತ್ರಿ ಸಹಿ ಹಾಕಲು ಹಿಂಜರಿಯುತ್ತಾರೆ. ಆದುದರಿಂದ ಬೀದಿಯ ವೈದ್ಯರೊಬ್ಬರನ್ನು ಮೊದಲಿನಿಂದಲೇ ಪರಿಚಯ ಮಾಡಿಟ್ಟುಕೊಳ್ಳುವುದು ಅಶುಭವಲ್ಲ, ವಿವೇಕ.

ಸರಕಾರದ ಕಡೆ ನೋಡಿದರೆ, 2012ರಿಂದ ಉಪಶಾಮಕ ಚಿಕಿತ್ಸೆಗೆ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ. 2024ರಿಂದ ಎಪ್ಪತ್ತು ದಾಟಿದವರೆಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಆದರೆ ಆ ಹಣವು ಆಸ್ಪತ್ರೆಯಲ್ಲಿ ಒಳರೋಗಿಯಾದವರಿಗೆ ಸಲ್ಲುವುದು. ಮನೆಯ ಮಂಚಕ್ಕೆ, ದಾದಿಗೆ, ದಿನದ ಡಯಾಪರಿಗೆ ಅದರಲ್ಲಿ ಪಾಲಿಲ್ಲ.

ಪಾಲಿಲ್ಲದ್ದನ್ನು ಜನರೇ ಹೇಗೆ ಒದಗಿಸಿಕೊಳ್ಳಬಹುದೆಂಬುದಕ್ಕೆ ಕರ್ನಾಟಕದ ನೆರೆಯ ಕೇರಳವು ದೃಷ್ಟಾಂತ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಆರಂಭಿಸಿದ ಸಂಘವೊಂದರ ಅನುಭವದಿಂದ 2001ರಲ್ಲಿ ಮಲಪ್ಪುರದ ಕಡೆ ನೆರೆಹೊರೆಯ ಜಾಲವೊಂದು ಹುಟ್ಟಿತು. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲ ಅಂಗಡಿಯವರು, ಉಪಾಧ್ಯಾಯರು, ವಿದ್ಯಾರ್ಥಿಗಳು ತರಬೇತಿ ಪಡೆದು ತಮ್ಮ ಬೀದಿಯ ರೋಗಿಗಳ ಹೊಣೆ ಹೊತ್ತರು. 2008ರಲ್ಲಿ ಕೇರಳ ಸರಕಾರವು ಉಪಶಾಮಕ ಚಿಕಿತ್ಸೆಗೆ ನೀತಿಯೊಂದನ್ನು ರೂಪಿಸಿದಾಗ, ಅದರ ಹಿಂದೆ ಇದ್ದದ್ದು ಈ ಜನಶಕ್ತಿ.

ಡೊಂಬಿವಲಿಯಲ್ಲಿ, ಠಾಣೆಯಲ್ಲಿ, ಕಲ್ಯಾಣದಲ್ಲಿ, ನವಿ ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘಗಳಿಗೆ ಬರವಿಲ್ಲ. ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ, ವಿದ್ಯಾರ್ಥಿವೇತನಕ್ಕೆ, ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡುವ ಶಿಬಿರಕ್ಕೆ ಅವು ಹಣವನ್ನೂ ಜನರನ್ನೂ ಕೂಡಿಸುತ್ತವೆ. ಅವುಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿಜ್ಞಾಪನೆ. ತಲೆಯ ಕಡೆ ಏರಿಸಬಹುದಾದ ಎರಡು ಮಂಚ, ಎರಡು ಗಾಳಿಯ ಹಾಸಿಗೆ, ಒಂದು ಗಾಲಿಕುರ್ಚಿ ಇವುಗಳನ್ನು ಕೊಂಡು, ಬೇಕಾದ ಮನೆಗೆ ಎರವಲು ಕೊಡುವ ಏರ್ಪಾಡು ಮಾಡಿ. ಸದಸ್ಯರಲ್ಲಿ ಕನ್ನಡ, ತುಳು, ಮರಾಠಿ ಮೂರನ್ನೂ ಬಲ್ಲ ನಾಲ್ಕು ಮಂದಿಯನ್ನು ಆರಿಸಿ, ದಾದಿಯು ಬಂದ ದಿನ ಮುದುಕಿಯ ಮಂಚದ ಪಕ್ಕದಲ್ಲಿ ಕೂರಿಸಿ. ವಾರಕ್ಕೊಂದು ಮಧ್ಯಾಹ್ನ ಯಾರಾದರೊಬ್ಬರು ರೋಗಿಯ ಬಳಿ ಇದ್ದು ಆ ಮನೆಯ ಸೊಸೆಯನ್ನು ಮಲಗಲು ಬಿಡಿ. ಕಾಯಿಲೆಯವರ ಮನೆಯವರಲ್ಲಿಯೂ ಒಂದು ಪ್ರಾರ್ಥನೆ: ಮುಂದಿನ ಬಾರಿ ಪರೇಲಿಗೋ ಖಾರಘರಕ್ಕೋ ಹೋದಾಗ, ಉಪಶಾಮಕ ಚಿಕಿತ್ಸೆಯ ವಿಭಾಗಕ್ಕೆ ಚೀಟಿ ಬರೆದುಕೊಡಿ ಎಂದು ವೈದ್ಯರನ್ನು ನೀವೇ ಕೇಳಿ.